ಏಳನೆಯ ನಕ್ಷೆ

ಸುಂದ್ರವ್ವ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಕಾಲರಿನ ಮೇಲೆ ಅದೇ ಜಾಗದಲ್ಲಿ ಮೂರನೆಯ ಸಲ ಪೆಟ್ಟಿಗೆ ಎಳೆದದ್ದನ್ನು ನೋಡಿ ದೇವಾನಂದನಿಗೆ ಸುಮ್ಮಸುಮ್ಮನೆ ಸಿಟ್ಟು ಬಂತು. ಶಾಲು ಹೊದಿಸಿದ ಮೇಲೆ ಕಾಲರು ಯಾರಿಗೆ ಕಾಣುತ್ತದೆ ಎಂದು ಕೇಳಿದ. ಹೊದಿಸುವುದಕ್ಕಿಂತ ಮೊದಲು ಕಾಣುತ್ತದಲ್ಲ ಎಂದಳು ಅವಳು, ತಲೆ ಎತ್ತದೆ. ಠಾಣೆ ಹತ್ತಿರದ ಕಳವಾ ಎಂಬಲ್ಲಿನ ಈ ಚಾಳಿನಲ್ಲಿ ಹದಿನೆಂಟು ವರ್ಷ ಸಂಸಾರ ಮಾಡಿದವಳು ಬೆಳಿಗ್ಗೆ ಎದ್ದವಳೇ ಅಕ್ಕಪಕ್ಕದ ನಾಲ್ಕು ಮನೆಗೆ ಹೋಗಿ, ಸಂಜೆ ಮಾಟುಂಗದಲ್ಲಿ ತನ್ನ ಗಂಡನಿಗೆ ಸನ್ಮಾನವಿದೆ ಎಂದು ತನ್ನ ಹರಕು ಮರಾಠಿಯಲ್ಲಿ ಹೇಳಿ ಬಂದಿದ್ದಳು. ಅದನ್ನು ಕೇಳಿ ಎದುರು ಖೋಲಿಯ ಮುದುಕಿ ತನ್ನ ಕಣ್ಣನ್ನೂ ಒಮ್ಮೆ ನೋಡಲಿ ಎಂದು ಬಂದು ಹೊಸ್ತಿಲ ಮೇಲೆ ಕೂತುಬಿಟ್ಟಿದ್ದಳು. ತಾನು ಡಾಕ್ಟರನಲ್ಲ, ಬರೀ ಮಶೀನು ನಡೆಸುವವನು ಎಂದು ದೇವಾನಂದ ಎಷ್ಟು ಸಲ ಹೇಳಿದರೂ ಅವಳು ನಂಬುವವಳಲ್ಲ. ಕೊನೆಗೆ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ತೋರುಬೆರಳಿನಿಂದ ರೆಪ್ಪೆಯನ್ನು ಮೆಲ್ಲಗೆ ಎತ್ತಿದ. ಬೆರಳು ತನ್ನಷ್ಟಕ್ಕೆ ತಾನೇ ಹುಬ್ಬಿನ ಮೂಳೆಗೆ ಒರಗಿ ನಿಂತಿತು, ಗುಡ್ಡೆಗೆ ಒಂದಿಷ್ಟೂ ಭಾರ ಬೀಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ಕಲಿತ ವಿದ್ಯೆಯೆಂದರೆ ಇದು. ಹಾಗೆ ಭಾರ ಬಿಟ್ಟರೆ ಏನಾಗುತ್ತದೆ ಎನ್ನುವುದೂ ಆ ಬೆರಳಿಗೆ ಗೊತ್ತಿತ್ತು. ಅವನು ಥಟ್ಟನೆ ಕೈ ತೆಗೆದು, ಸೋಮವಾರ ಆಸ್ಪತ್ರೆಗೆ ಬಾ ಆಜೀ ಎಂದು ಎದ್ದುಬಿಟ್ಟ.

ಫೋನಿನಲ್ಲಿ ಸನ್ಮಾನಪತ್ರದ ಫೋಟೋ ಇತ್ತು. ಕನ್ನಡ ಸಂಘದ ಶರಣಬಸಪ್ಪ ನಿನ್ನೆ ಕಳಿಸಿದ್ದರು, ಕೆಳಗೆ ಕೈಮುಗಿದ ಚಿತ್ರ ಬೇರೆ. ನಿನ್ನೆಯಿಂದ ಎಷ್ಟು ಸಲ ಅದನ್ನು ತೆರೆದು ನೋಡಿದನೋ. ಕಟ್ಟು ಹಾಕಿಸಿದ ಹಾಳೆ, ಸುತ್ತ ಬಳ್ಳಿಯ ಅಂಚು, ನಡುವೆ ಇರುವೆ ಸಾಲಿನ ಹಾಗೆ ಒತ್ತಾದ ಅಕ್ಷರ. ನಲವತ್ತಾರು ತುಂಬಿದರೂ ಅವನಿಗೆ ಕನ್ನಡಕ ಬಂದಿಲ್ಲ, ಫೋಟೋ ದೊಡ್ಡದು ಮಾಡದೆ ಎಲ್ಲವನ್ನೂ ಓದಬಲ್ಲ. ಅವಿರತ ಸೇವೆ, ಕಾಯಕಯೋಗಿ, ಮುಂಬಯಿ ಕನ್ನಡಿಗರ ಹೆಮ್ಮೆ. ಈ ದೊಡ್ಡ ಮಾತುಗಳಿಂದ ಅವನಿಗೆ ಏನೂ ಆಗಲಿಲ್ಲ. ಸಂಘದವರು ಕಳೆದ ವರ್ಷ ಇದೇ ಮಾತುಗಳನ್ನು ಒಬ್ಬ ಅಡುಗೆ ಕಂತ್ರಾಟುದಾರನಿಗೂ ಹೇಳಿದ್ದರು. ಆದರೆ ನಡುವೆ ಎಲ್ಲಿಯೋ ಒಂದು ಸಾದಾ ವಾಕ್ಯ ಕೂತಿತ್ತು: ಇವರ ಕೈ ತಾಗಿದ ಒಂದು ಕಣ್ಣೂ ಇವತ್ತಿನವರೆಗೆ ಕೆಟ್ಟಿಲ್ಲ. ಅಷ್ಟೂ ಪತ್ರದಲ್ಲಿ ಯಾರೋ ಮನಸ್ಸಿಟ್ಟು ಬರೆದದ್ದು ಅದೊಂದೇ ಎಂದು ಓದಿದ ಕೂಡಲೇ ತಿಳಿಯುತ್ತಿತ್ತು. ಅದನ್ನು ಓದಿದಾಗಲೆಲ್ಲ ಅವನು ಫೋನನ್ನು ಮಗುಚಿ ಇಡುತ್ತಿದ್ದ. ಜ್ವರ ಬಂದಿದೆ ಎಂದು ಹೇಳಿಬಿಡೋಣವೇ ಎಂದು ಯೋಚಿಸಿದ. ಹೊಸ್ತಿಲಲ್ಲಿ ಕೂತ ಮುದುಕಿಗೆ ಸುಂದ್ರವ್ವ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದ ಗಂಡನ ಫೋಟೋ ತೋರಿಸುತ್ತಿದ್ದಳು. ಮುದುಕಿ ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ನೋಡುತ್ತಿದ್ದಳು.

ಭಾನುವಾರವಾದ್ದರಿಂದ ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಅರ್ಧ ಗಾಡಿಗಳು ಬಂದ್. ಸುಂದ್ರವ್ವ ಹೆಂಗಸರ ಡಬ್ಬಿ ಹತ್ತಿದಳು, ಅವನು ಹಿಂದಿನದಕ್ಕೆ. ಲೋಕಲ್ ಹೆಜ್ಜೆಗೊಮ್ಮೆ ನಿಂತು ನಿಂತು ಹೋಗುತ್ತಿತ್ತು. ಇಸ್ತ್ರಿ ಮುರಿಯಬಾರದೆಂದು ಅವನು ಯಾರಿಗೂ ಒರಗದೆ ಹಿಡಿಕೆ ಹಿಡಿದು ನಿಂತ. ಎದುರಿನ ಸೀಟಿನಲ್ಲಿ ಒಬ್ಬ ಹುಡುಗಿ ಕನ್ನಡಕ ತೆಗೆದು ಓಢಣಿಯಿಂದ ಒರೆಸಿಕೊಳ್ಳುತ್ತಿದ್ದಳು. ಮೈನಸ್ ಐದರ ಮೇಲಿರಬೇಕು ಎಂದು ಅವನ ತಲೆ ತಾನೇ ಲೆಕ್ಕ ಹಾಕಿತು. ಕನ್ನಡಕ ತೆಗೆದ ಕಣ್ಣು ಹೇಗೆ ಬತ್ತಲಾಗಿ, ಯಾರನ್ನೂ ನೋಡದೆ ತೆರೆದುಕೊಂಡಿರುತ್ತದೆ ಎನ್ನುವುದನ್ನು ಅವನಷ್ಟು ಹತ್ತಿರದಿಂದ ನೋಡಿದವರು ಈ ಊರಲ್ಲಿ ಕಡಿಮೆ. ವಾರ್ಡ್‌ಬಾಯ್ ಆಗಿ ಪರೇಲಿನ ಕಣ್ಣಾಸ್ಪತ್ರೆಗೆ ಬಂದಾಗ ಅಲ್ಲಿ ಕನ್ನಡಕ ಬಿಡಿಸಲು ಕಣ್ಣಿನ ಪದರವನ್ನು ಬ್ಲೇಡಿನಿಂದ ಸೀಳಿ ಮೇಲೆತ್ತುತ್ತಿದ್ದರು. ಆಮೇಲೆ ಆ ಬ್ಲೇಡೂ ಹೋಗಿ ಲೇಸರೇ ಸೀಳತೊಡಗಿತು. ಈಗ ಪದರ ಎತ್ತುವುದೂ ಇಲ್ಲ. ಲೇಸರು ಕಣ್ಣಿನ ಒಳಗೇ ಒಂದು ತೆಳ್ಳನೆಯ ಬಿಲ್ಲೆ ಕೊರೆದಿಡುತ್ತದೆ, ಡಾಕ್ಟರು ಎರಡು ಮಿಲಿಮೀಟರಿನ ಸಂದಿಯಿಂದ ಅದನ್ನು ಎಳೆದು ಹೊರಗೆ ಹಾಕುತ್ತಾರೆ. ಒಂದು ಕಣ್ಣಿಗೆ ಹತ್ತೇ ಸೆಕೆಂಡು. ಕಣ್ಣು ಅಲುಗದ ಹಾಗೆ ಮಶೀನೇ ಅದನ್ನು ಹೀರಿ ಹಿಡಿದಿರುತ್ತದೆ. ಕೆಳಗಿನ ಹಾಲಿನಲ್ಲಿ ಇದನ್ನೆಲ್ಲ ಟಿವಿಯ ಮೇಲೆ ಇಡೀ ದಿನ ತೋರಿಸುತ್ತಾರೆ, ಬಂದವರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಮೂರನೆಯ ಮಹಡಿಯ ಕತ್ತಲೆ ಕೋಣೆಯಲ್ಲಿ ಕೂತು ದೇವಾನಂದ ತೆಗೆಯುವ ನಕ್ಷೆಯನ್ನು ಮಾತ್ರ ಯಾವ ಟಿವಿಯೂ ತೋರಿಸುವುದಿಲ್ಲ.

ಆದರೆ ಎಲ್ಲ ನಿಂತಿರುವುದು ಆ ನಕ್ಷೆಯ ಮೇಲೆ. ಕಣ್ಣಿನ ಮುಂಭಾಗದ ಪಾರದರ್ಶಕ ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಉಬ್ಬು ಎನ್ನುವುದನ್ನು ಮಶೀನು ಬಣ್ಣಗಳಲ್ಲಿ ಬರೆಯುತ್ತದೆ. ಗೋಡೆ ಗಟ್ಟಿಯಿದ್ದರೆ ಕೆಳಗಿನ ಮೂಲೆಯಲ್ಲಿ ಹಸಿರು ಚೌಕ, ಅನುಮಾನವಿದ್ದರೆ ಹಳದಿ, ಕೈ ಹಚ್ಚಲೇಬೇಡ ಎಂದರೆ ಕೆಂಪು. ಕೆಂಪು ಬಂದ ಕಣ್ಣಿನಿಂದ ಬಿಲ್ಲೆ ತೆಗೆದರೆ ಉಳಿದ ಗೋಡೆಗೆ ತಡೆಯುವ ಶಕ್ತಿ ಸಾಲದೆ ಅದು ವರ್ಷ ಎರಡು ವರ್ಷದಲ್ಲಿ ಮುಂದಕ್ಕೆ ಉಬ್ಬುತ್ತದೆ, ಒಂದು ಅಕ್ಷರ ಮೂರಾಗಿ ಕಾಣುತ್ತದೆ, ಆಮೇಲೆ ಕನ್ನಡಕ ಹಾಕಿದರೂ ಸರಿಹೋಗುವುದಿಲ್ಲ. ಅದಕ್ಕೇ ಕೆಂಪು ಬಂದವರನ್ನು ತಿರುಗಿ ಕಳಿಸುತ್ತಾರೆ. ಇನ್ನೊಂದು ರೂಢಿಯೂ ಇತ್ತು: ರೋಗಿ ರೆಪ್ಪೆ ಬಡಿದರೆ, ಕಣ್ಣೀರು ತುಂಬಿದರೆ ನಕ್ಷೆ ಕೆಡುತ್ತದೆ, ಆದ್ದರಿಂದ ಮೂರು ಸಲ ತೆಗೆದು ಒಳ್ಳೆಯದನ್ನು ಇಟ್ಟುಕೊಂಡು ಉಳಿದದ್ದನ್ನು ಅಳಿಸಬೇಕು. ಒಳ್ಳೆಯದು ಎಂದರೆ ಚೊಕ್ಕವಾಗಿ ಬಂದದ್ದು ಎಂದು ಅವನಿಗೆ ಹೇಳಿಕೊಟ್ಟ ಹಳೆಯ ಟೆಕ್ನಿಷಿಯನ್ ಹೇಳಿದ್ದ. ಒಳ್ಳೆಯದು ಎಂದರೆ ಹಸಿರು ಬಂದದ್ದು ಎಂದು ಅವನು ಹೇಳಿರಲಿಲ್ಲ. ಕುರ್ಲಾದ ಹತ್ತಿರ ಲೋಕಲ್ ಮತ್ತೆ ನಿಂತಿತು. ಯಾರೋ ರೈಲ್ವೆಯನ್ನು ಬೈದರು, ಅವನಿಗೆ ಸಮಾಧಾನವೇ ಆಯಿತು. ಸಂಜೆಯವರೆಗೆ ಹೀಗೇ ನಿಂತಿರಲಿ ಎನ್ನಿಸಿತು.

ಹದಿನಾರು ತಿಂಗಳ ಹಿಂದೆ ಶರಣಬಸಪ್ಪ ತಮ್ಮ ಮಗಳು ಸೋನಾಲಿಯನ್ನು ಕರೆದುಕೊಂಡು ಪರೇಲಿಗೆ ಬಂದಿದ್ದರು. ಆಳಂದ ತಾಲೂಕಿನಿಂದ ಬಂದು ಈ ಊರಲ್ಲಿ ಕಟ್ಟಡ ಕಂತ್ರಾಟು ಹಿಡಿದು ಮೇಲೆ ಬಂದ ಮನುಷ್ಯ, ಸಂಘದ ಅಧ್ಯಕ್ಷರು, ಇಪ್ಪತ್ತೆರಡು ವರ್ಷದ ಹಿಂದೆ ಅದೇ ತಾಲೂಕಿನ ದೇವಾನಂದನಿಗೆ ಆಸ್ಪತ್ರೆಯಲ್ಲಿ ಕೆಲಸ ಕೊಡಿಸಿದವರೂ ಅವರೇ. ಕೊಡಿಸಿದ್ದನ್ನು ಅವರು ಮರೆಯಲೂ ಇಲ್ಲ, ಮರೆಯಗೊಡಲೂ ಇಲ್ಲ. ಯಾವ ಮದುವೆಯಲ್ಲಿ, ಯಾವ ಸಭೆಯಲ್ಲಿ ಸಿಕ್ಕರೂ ಹೆಗಲ ಮೇಲೆ ಕೈಹಾಕಿ, ಈ ದೇವ್ಯಾನ್ನ ಕೆಲಸಕ್ಕೆ ಹಚ್ಚಿದ್ದು ತಾನೇ ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಅವರ ಮಾಟುಂಗದ ಮನೆಯಲ್ಲಿ ಅವನಿಗೆ ಚಹಾ ಬರುತ್ತಿದ್ದುದು ಹಿಡಿಕೆ ಮುರಿದ ನೀಲಿ ಹೂವಿನ ಕಪ್ಪಿನಲ್ಲಿ. ಮೊದಲ ವರ್ಷ ಅದು ಅಕಸ್ಮಾತ್ತು ಎಂದುಕೊಂಡಿದ್ದ. ಹತ್ತು ವರ್ಷವಾದರೂ ಆ ಕಪ್ಪು ಒಡೆಯಲಿಲ್ಲ, ಕಳೆಯಲಿಲ್ಲ, ಅವನಿಗಾಗಿಯೇ ಕಾದುಕೊಂಡಿತ್ತು. ಎರಡೂ ಅಂಗೈಯಲ್ಲಿ ಅದನ್ನು ಹಿಡಿದು ಸುಡುಸುಡು ಚಹಾ ಕುಡಿಯುತ್ತಿದ್ದ, ಎದುರು ಪುಟ್ಟ ಸೋನಾಲಿ ದಪ್ಪ ಕನ್ನಡಕ ಹಾಕಿಕೊಂಡು ಚಿತ್ರ ಬರೆಯುತ್ತ ಕೂತಿರುತ್ತಿದ್ದಳು. ಕಾಕಾ, ಬಿಸಿ ಆಗಲ್ವಾ ಎಂದು ಕೇಳಿದವಳು ಆ ಮನೆಯಲ್ಲಿ ಅವಳೊಬ್ಬಳೇ.

ಆವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ಶರಣಬಸಪ್ಪ ನಿಂತ ಬಗೆಯೇ ಬೇರೆಯಿತ್ತು. ದೊಡ್ಡ ಆಸ್ಪತ್ರೆ, ಎಲ್ಲರ ಇಂಗ್ಲಿಷು, ಗಾಜಿನ ಬಾಗಿಲು. ಅವರು ಸ್ವಲ್ಪ ಕುಗ್ಗಿದಂತೆ ಕಂಡರು. ಕೋಣೆಯಿಂದ ಹೊರಗೆ ಬಂದ ದೇವಾನಂದನ ಎರಡೂ ಕೈ ಹಿಡಿದುಕೊಂಡು, "ನಮ್ಮ ಹುಡುಗಿ ನಿನ್ನ ಕೈಯಾಗ ಅದಾಳ ನೋಡಪಾ, ದೇವಾನಂದ" ಎಂದರು. ದೇವ್ಯಾ ಎನ್ನಲಿಲ್ಲ. ನಾನಿದ್ದೀನಲ್ರಿ ಸಾವಕಾರ್ರ, ಚಿಂತಿ ಬಿಡ್ರಿ ಎಂದು ಅವನೂ ಹೇಳಿದ. ಫೋರ್ಟ್ ಬಡಾವಣೆಯಲ್ಲಿ ವಕೀಲರೊಬ್ಬರ ಹತ್ತಿರ ಜೂನಿಯರ್ ಆಗಿದ್ದ ಸೋನಾಲಿ ಕುರ್ಚಿಯಲ್ಲಿ ಕೂತು ಗದ್ದವನ್ನು ಮಶೀನಿನ ಮೇಲಿಟ್ಟು ಮಾತಾಡುತ್ತಲೇ ಇದ್ದಳು. ಮಳೆಗಾಲದಲ್ಲಿ ಗೆಳತಿಯರ ಜೊತೆ ಸಹ್ಯಾದ್ರಿಯ ಕೋಟೆ ಹತ್ತಲು ಹೋದರೆ ಕನ್ನಡಕಕ್ಕೆ ಮಂಜು ಹಿಡಿದು ಏನೂ ಕಾಣುವುದಿಲ್ಲವಂತೆ; ಒಂದು ಸಲ ಕನ್ನಡಕವಿಲ್ಲದೆ ಮಳೆಯನ್ನು ನೋಡಬೇಕಂತೆ. ಮಾತಾಡಬೇಡವ್ವಾ, ಹಸಿರು ದೀಪ ನೋಡು ಎಂದು ಅವನು ಬಲಗಣ್ಣಿನ ನಕ್ಷೆ ತೆಗೆದ. ಕೆಳಗೆ ಎಡಮೂಲೆಯಲ್ಲಿ ಕಿತ್ತಳೆ ಬಣ್ಣದ ಒಂದು ಹನಿ, ಅದರ ಕೆಳಗೆ ಕೆಂಪು ಚೌಕ.

ಆ ಒಂದು ಗಳಿಗೆಯನ್ನೇ ಅವನು ಈ ಎರಡು ವಾರದಿಂದ ಹೊರಳಾಡಿಸಿ ನೋಡುತ್ತಿರುವುದು. ಕೆಂಪು ಕಂಡ ಕೂಡಲೇ ಅವನಿಗೆ ಮರುಕ ಬರಬೇಕಿತ್ತು. ಬಂದದ್ದು ಸಂತೋಷ. ಎದೆಯ ಕೆಳಗೆಲ್ಲೋ ಬೆಚ್ಚಗೆ, ಚಹಾ ಇಳಿದ ಹಾಗೆ. ಸಾವಕಾರರ ಮಗಳ ಕಣ್ಣಿನ ಗೋಡೆಯೂ ಲಡ್ಡು, ಗಟ್ಟಿಯಿಲ್ಲ; ಈಗ ತಾನು ಹೊರಗೆ ಹೋಗಿ, ಗಾಜಿನ ಬಾಗಿಲು ತೆರೆದು, ಆಗೂದಿಲ್ರಿ ಎಂದು ಹೇಳಬಹುದು; ಅವರ ಮುಖ ಹೇಗಾಗುತ್ತದೆ ಎಂದು ನೋಡಬಹುದು. ಇಷ್ಟೂ ಒಂದು ಉಸಿರಿನೊಳಗೆ ಆಯಿತು. ಮರುಗಳಿಗೆಯೇ ತನ್ನ ಬಗ್ಗೆ ಅವನಿಗೆ ಹೇಸಿಕೆ ಬಂತು. ಗದ್ದವನ್ನು ತನ್ನ ಮುಂದೆ ಇಟ್ಟುಕೊಂಡು ನಂಬಿ ಕೂತ ಹುಡುಗಿ, ಬಿಸಿ ಆಗಲ್ವಾ ಕಾಕಾ ಎಂದು ಕೇಳಿದ ಹುಡುಗಿ. ಇಂಥ ಮನಸ್ಸಿನಿಂದ ಹೊರಗೆ ಹೋಗಿ ಆಗೂದಿಲ್ಲ ಎಂದರೆ ಅದು ಮಶೀನು ಹೇಳಿದ್ದೋ ತಾನು ಹೇಳಿದ್ದೋ ಎಂದು ತನಗೇ ಗೊತ್ತಾಗುವುದಿಲ್ಲ ಎನ್ನಿಸಿತು. ಅವಳು ರೆಪ್ಪೆ ಬಡಿದಿರಬೇಕು ಎಂದುಕೊಂಡು ಎರಡನೆಯದು ತೆಗೆದ. ಕೆಂಪು. ಹನಿ ಹಾಕಿ, ಎರಡು ನಿಮಿಷ ಕೂಡಿಸಿ ಮೂರನೆಯದು. ಹಳದಿ. ಹಳದಿ ಬಂದದ್ದೇ ಒಂದು ಆಸೆ ಹುಟ್ಟಿತು. ನಾಲ್ಕು, ಐದು, ಆರು. ಏಳನೆಯ ಸಲ ರೆಪ್ಪೆ ಎತ್ತಿದ ಅವನ ಬೆರಳು ಹುಬ್ಬಿನ ಮೂಳೆಯಿಂದ ಒಂದು ಕೂದಲೆಳೆ ಕೆಳಗೆ ಜಾರಿತ್ತೇ, ಗುಡ್ಡೆಗೆ ಭಾರ ಬಿದ್ದಿತ್ತೇ? ಬಿದ್ದಿತ್ತು. ಬೀಳುವುದು ಬೆರಳಿಗೆ ತಿಳಿದಿತ್ತು, ಮತ್ತು ಅವನು ಬೆರಳನ್ನು ತಡೆಯಲಿಲ್ಲ. ಒತ್ತಿದ್ದರಿಂದ ಉಬ್ಬು ಮರೆಯಾಗಿ ಹಸಿರು ಬಂತು. ಮೊದಲಿನ ಆರನ್ನೂ ಅಳಿಸಿ ಏಳನೆಯದನ್ನು ಇಟ್ಟ. ಎಡಗಣ್ಣಿಗೂ ಹಾಗೇ ಮಾಡಿದ, ಅಲ್ಲಿ ನಾಲ್ಕನೆಯದಕ್ಕೇ ಹಸಿರು ಸಿಕ್ಕಿತು. ಬಾಗಿಲ ಹತ್ತಿರ ರೋಗಿಗಳ ಫೈಲು ಹಿಡಿದು ನಿಂತಿದ್ದ ಸಹಾಯಕಿ ಅನೀಸ ಒಮ್ಮೆ ತೆರೆಯನ್ನು, ಒಮ್ಮೆ ಅವನನ್ನು ನೋಡಿ ಮುಂದಿನ ರೋಗಿಯನ್ನು ಕರೆಯಲು ಹೋದಳು. ಡಾಕ್ಟರು ಆ ನಕ್ಷೆಯನ್ನು ಅರ್ಧ ನಿಮಿಷ ನೋಡಿ ಗುಡ್ ಎಂದರು. ದೇವಾನಂದ ಹೊರಗೆ ಬಂದು ಎಲ್ಲ ಸರಿ ಐತ್ರಿ ಎಂದಾಗ ಶರಣಬಸಪ್ಪ ಅವನನ್ನು ಅಪ್ಪಿಕೊಂಡರು. ಹೇಸಿಕೆಯನ್ನು ತೊಳೆದುಕೊಂಡೆ ಎಂದು ಅವನು ಆವತ್ತು ನಿಜವಾಗಿ ನಂಬಿದ್ದ. ಊಟವೂ ಚೆನ್ನಾಗಿ ಸೇರಿತ್ತು.

ಆಪರೇಶನ್ ಆದಮೇಲಿನ ಜುಲೈಯಲ್ಲಿ ಸೋನಾಲಿ ಒಂದು ಕೋಟೆಯ ತುದಿಯಿಂದ ಫೋಟೋ ಕಳಿಸಿದ್ದಳು. ಮೈಯೆಲ್ಲ ತೊಯ್ದು, ಬರಿಗಣ್ಣು ಅಗಲಿಸಿ ನಗುತ್ತಿದ್ದಳು. ಕಾಕಾ, ಪ್ರತಿ ಹನಿ ಬೇರೆಬೇರೆ ಕಾಣುತ್ತೆ ಎಂದು ಕೆಳಗೆ ಕನ್ನಡದಲ್ಲೇ ಬರೆದಿದ್ದಳು; ಸಂಘದ ಶನಿವಾರದ ತರಗತಿಗೆ ಹೋಗಿ, ಈ ವಯಸ್ಸಿನಲ್ಲಿ ಕೂತು ಅಕ್ಷರ ಕಲಿತವಳು. ಅವನು ಆ ಫೋಟೋವನ್ನು ಆಸ್ಪತ್ರೆಯಲ್ಲಿ ಎಲ್ಲರಿಗೂ ತೋರಿಸಿದ. ಮುಂದಿನ ಸಲ ಮಾಟುಂಗದ ಮನೆಗೆ ಹೋದಾಗ ಚಹಾ ಬೇರೆ ಕಪ್ಪಿನಲ್ಲಿ ಬಂತು, ಹಿಡಿಕೆಯಿದ್ದದ್ದು. ಅದಾದ ಆರು ತಿಂಗಳಿಗೆ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರು ಬಂತು. ಈಗ ಮೂರು ನಕ್ಷೆ ಒಂದಕ್ಕೊಂದು ಹೊಂದದೆ ಅದು ಬಣ್ಣವನ್ನೇ ತೋರಿಸುವುದಿಲ್ಲ, ಬೆರಳು ಒತ್ತಿದರೆ ಒತ್ತಿದೆ ಎಂದು ಹೇಳುತ್ತದೆ, ಅಳಿಸಬೇಕೆಂದರೆ ಡಾಕ್ಟರ ಪಾಸ್‌ವರ್ಡು ಬೇಕು. ಅದನ್ನು ಕೂಡಿಸಲು ಬಂದ ಎಂಜಿನಿಯರು ಇನ್ನು ಮುಂದೆ ಮನುಷ್ಯರ ತಪ್ಪಿಗೆ ಜಾಗವೇ ಇಲ್ಲ ಎಂದು ನಕ್ಕ. ಅವನ ಮುಖ ನೋಡಲಾರದೆ ದೇವಾನಂದ ಗದ್ದ ಇಡುವ ಪಟ್ಟಿಯನ್ನು ಸ್ಪಿರಿಟ್ಟಿನಿಂದ ಒರೆಸುತ್ತ ನಿಂತ.

ಮಾಟುಂಗದಲ್ಲಿ ಇಳಿದಾಗ ಅಂಗಿ ಬೆನ್ನಿಗೆ ಅಂಟಿತ್ತು. ಸುಂದ್ರವ್ವ ಹೂವಿನಂಗಡಿಯ ಮುಂದೆ ನಿಂತು ಮಲ್ಲಿಗೆ ಮುಡಿದುಕೊಂಡಳು, ಅವನ ಕಾಲರು ಸರಿಮಾಡಿದಳು, ಯಾಕ್ರಿ ಮುಖ ಹಿಂಗ್ಯಾಕ ಎಂದಳು. ಸೆಕಿ ಎಂದ. ಹೋಟೆಲಿನಿಂದ ಕಾಫಿಯ ವಾಸನೆ ಬಂತು, ಒಳಗೆ ಹೋಗಲು ಮನಸ್ಸಾಗಲಿಲ್ಲ. ಎರಡು ವಾರದ ಹಿಂದೆ ಸೋನಾಲಿ ಬಲಗಣ್ಣಿನಲ್ಲಿ ಅಕ್ಷರಕ್ಕೆ ನೆರಳು ಬೀಳುತ್ತಿದೆ ಎಂದು ಫೋನು ಮಾಡಿದ್ದಳು. ಕಣ್ಣು ಒಣಗಿರಬೇಕು, ಹನಿ ಹಾಕಿಕೊಳ್ಳವ್ವಾ ಎಂದು ಹೇಳಿ ಹನ್ನೆರಡು ದಿನ ತಳ್ಳಿದ. ಮೊನ್ನೆ ಶುಕ್ರವಾರ ಅವಳೇ ಬಂದಳು. ಹೊಸ ಸಾಫ್ಟ್‌ವೇರು ಒಂದೇ ಸಲಕ್ಕೆ ಹೇಳಿತು. ತೆರೆಯ ಮೇಲೆ ಬಲಗಣ್ಣಿನ ಕೆಳಭಾಗವೆಲ್ಲ ಕೆಂಪು, ಎಡಗಣ್ಣಿನಲ್ಲೂ ಶುರುವಾಗಿತ್ತು. ಡಾಕ್ಟರು ಹಳೆಯ ನಕ್ಷೆ ತೆಗೆಸಿ ನೋಡಿದರು. ಅದು ಹಸಿರು. ಅವರು ಬಹಳ ಹೊತ್ತು ಯೋಚಿಸಿ, ನೀನು ಕಣ್ಣು ಉಜ್ಜಿಕೊಳ್ಳುತ್ತೀಯಾ ಎಂದು ಕೇಳಿದರು. ಯಾರು ಉಜ್ಜಿಕೊಳ್ಳುವುದಿಲ್ಲ? ಕೆಲವು ಸಲ, ಓದಿ ಓದಿ ಬೇಜಾರಾದಾಗ ಎಂದಳು. ಡಾಕ್ಟರ ಮುಖದಲ್ಲಿ ಒಂದು ನಿರಾಳ ಕಂಡಿತು. ಅದನ್ನು ಕಂಡು ದೇವಾನಂದನಿಗೂ ನಿರಾಳವಾಯಿತು. ಉಜ್ಜಿದ್ದರಿಂದ ಆಗಿದೆ ಎಂದು ಬರೆದರು. ಮಂಗಳವಾರ ಹಳದಿ ಹನಿ ಹಾಕಿ ನೀಲಿ ಬೆಳಕು ಹಿಡಿಯುವ ಚಿಕಿತ್ಸೆ. ಅದರಿಂದ ಇನ್ನಷ್ಟು ಕೆಡುವುದು ನಿಲ್ಲಬಹುದು, ಹೋದದ್ದು ಬರುವುದಿಲ್ಲ. ಹೊರಗೆ ಕಾರಿಡಾರಿನಲ್ಲಿ ಶರಣಬಸಪ್ಪ ಮಗಳನ್ನು ಎಲ್ಲರೆದುರು ಬೈದರು. ಇಂಥಾ ಚಲೋ ಆಪರೇಶನ್ ಮಾಡಿಸಿದರೆ ತನ್ನ ಕೈಯಾರೆ ತಾನೇ ಕಣ್ಣು ಕೆಡಿಸಿಕೊಂಡಳು ಎಂದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವರು ಹೋದ ಮೇಲೆ ಫೈಲು ಜೋಡಿಸುತ್ತಿದ್ದ ಅನೀಸ, ಅವನ ಕಡೆ ನೋಡದೆ, "ಆವತ್ತು ಎಷ್ಟು ಸಲಾ ತೆಗೆದಿದ್ರಿ ಭಾಯ್?" ಎಂದಳು. ಮೂರು ಎಂದ. ಹಾಂ, ಮೂರೇ ಇರಬೇಕು ಎಂದು ಅವಳು ಫೈಲಿನ ದಾರ ಕಟ್ಟಿದಳು.

ಸಂಘದ ಹಾಲಿನಲ್ಲಿ ಕುರ್ಚಿಗಳು ಅರ್ಧ ತುಂಬಿದ್ದವು. ಶರಣಬಸಪ್ಪ ಬಾಗಿಲಿಗೇ ಬಂದು ಕರೆದುಕೊಂಡರು. ಸುಂದ್ರವ್ವನನ್ನು ಮುಂದಿನ ಸಾಲಿನಲ್ಲಿ, ತಮ್ಮ ಹೆಂಡತಿಯ ಪಕ್ಕಕ್ಕೇ ಕೂಡಿಸಿದರು. ಅವಳು ಕುರ್ಚಿಯ ತುದಿಯಲ್ಲಿ, ಎದ್ದೇಳೆಂದರೆ ಏಳುವವಳ ಹಾಗೆ ಕೂತಳು. ಇವತ್ತು ಹೇಳಿಬಿಡಬೇಕು ಎಂದು ಅವನು ಮೆಟ್ಟಿಲು ಹತ್ತುವಾಗ ನಿಶ್ಚಯಿಸಿದ್ದ. ಊರಿಗೆಲ್ಲ ಹೇಳಬೇಕಾಗಿಲ್ಲ, ಆ ಹುಡುಗಿಗೆ ಒಬ್ಬಳಿಗೆ. ತಪ್ಪು ನಿನ್ನದಲ್ಲ ಎನ್ನುವಷ್ಟು ಮಾತ್ರ. ಅಷ್ಟಕ್ಕೇ ಕೆಲಸ ಹೋಗಬಹುದು, ಕೋರ್ಟು ಕಚೇರಿ ಆಗಬಹುದು, ಅವಳೇ ವಕೀಲರ ಆಫೀಸಿನಲ್ಲಿರುವವಳು. ಅದೆಲ್ಲ ಹೆದರಿಕೆಯೇ ಹೌದು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯಿತ್ತು. ಯಾಕೆ ಹಾಗೆ ಮಾಡಿದಿರಿ ಎಂದು ಅವಳು ಕೇಳಿದರೆ ಆ ಗಳಿಗೆಯ ಸಂತೋಷವನ್ನು ಹೇಳಬೇಕಾಗುತ್ತದೆ. ವೇದಿಕೆಯ ಹಿಂದಿನ ಕೋಣೆಯಲ್ಲಿ ಹಣ್ಣಿನ ಬುಟ್ಟಿಗಳ ನಡುವೆ ಸೋನಾಲಿ ಒಬ್ಬಳೇ ನಿಂತಿದ್ದಳು. ಸನ್ಮಾನಪತ್ರವನ್ನು ಒಮ್ಮೆ ದೂರ, ಒಮ್ಮೆ ಹತ್ತಿರ ಹಿಡಿದು, ಬಲಗಣ್ಣು ಮುಚ್ಚಿ ನೋಡುತ್ತಿದ್ದಳು. ಓದುವುದು ತಾನೇ ಎಂದು ತಿಂಗಳ ಹಿಂದೆಯೇ ಹಟ ಮಾಡಿ ಹೆಸರು ಬರೆಸಿದ್ದಳಂತೆ. ತಾನು ಇಡೀ ಪತ್ರವನ್ನು ಕನ್ನಡದಲ್ಲಿ ಬರೆದಿದ್ದೆ, ಸೆಕ್ರೆಟರಿ ಅದನ್ನು ಬದಲಿಸಿ ದೊಡ್ಡ ದೊಡ್ಡ ಶಬ್ದ ಹಾಕಿದರು, ತನ್ನದು ಒಂದೇ ಒಂದು ಲೈನು ಉಳಿದಿದೆ ಎಂದು ನಕ್ಕಳು. ಯಾವುದು ಎಂದು ಅವನು ಕೇಳಲಿಲ್ಲ. ಆಮೇಲೆ ಅವಳ ನಗು ನಿಂತಿತು.

"ಕಾಕಾ, ಸಚ್ ಹೇಳ್ರಿ. ನಾನು ರಬ್ ಮಾಡಿದ್ದಕ್ಕೇ ಹೀಗೆ ಆಯ್ತಾ? ಪಪ್ಪಾ ರೋಜ್ ಅದೇ ಹೇಳ್ತಾರೆ. ನನಗೆ ಯಾದ್‌ನೇ ಇಲ್ಲ, ಅಷ್ಟು ಮಾಡಿದ್ದೀನಿ ಅಂತ."

ಬಾಗಿಲಾಚೆ ಮೈಕು ಕೂಗಿ ನಿಂತಿತು. ಅವಳ ಕಣ್ಣು ಅವನ ಮುಖದ ಮೇಲೆ ಇದ್ದರೂ ಅವನ ಮುಖವನ್ನು ಹುಡುಕುತ್ತಿತ್ತು. ಈಗ ಎಂದುಕೊಂಡ. ಬಾಯಿ ತೆರೆದ. ತಪ್ಪು ನಿನ್ನದಲ್ಲವ್ವಾ ಎನ್ನುವ ಮಾತು ಹಲ್ಲಿನ ಹಿಂದೆಯೇ ಇತ್ತು. "ಇನ್ನ ಮ್ಯಾಲ ಉಜ್ಜಬ್ಯಾಡವ್ವಾ" ಎಂದ.

ಅವಳು ಮೆಲ್ಲಗೆ ತಲೆಯಾಡಿಸಿದಳು. ಅವನಿಂದಲಾದರೂ ಬೇರೆ ಉತ್ತರ ಬರಬಹುದೆಂದು ಕಾದಿದ್ದು, ಬರಲಿಲ್ಲವೆಂದು ಒಪ್ಪಿಕೊಂಡ ಹಾಗೆ. ಇಲ್ಲ ಕಾಕಾ, ಇನ್ನು ಮಾಡಲ್ಲ, ಪ್ರಾಮಿಸ್ ಎಂದಳು. ಯಾರೋ ಬಂದು ಅವನನ್ನು ವೇದಿಕೆಗೆ ಕರೆದುಕೊಂಡು ಹೋದರು.

ಭಾಷಣಗಳು ನಡೆದವು. ಶರಣಬಸಪ್ಪ ಮಾತಾಡುತ್ತ, ಈ ಶ್ರೀ ದೇವಾನಂದ ಅವರನ್ನು ಇಪ್ಪತ್ತೆರಡು ವರ್ಷದ ಹಿಂದೆ ಕೆಲಸಕ್ಕೆ ಹಚ್ಚಿದ್ದು ಯಾರು ಎನ್ನುವುದನ್ನು ಹೇಳುವುದು ತಮಗೆ ಶೋಭಿಸುವುದಿಲ್ಲ ಎಂದು ಹೇಳಿದರು. ಜನ ನಕ್ಕರು. ಶಾಲು ಹೊದಿಸಿದರು, ಪೇಟ ಇಟ್ಟರು, ಪೇಟ ಸಣ್ಣದಾಗಿ ಕಿವಿಯ ಮೇಲೆ ನಿಂತಿತು. ಸುಂದ್ರವ್ವ ಫೋನು ಎತ್ತಿ ಹಿಡಿದಿದ್ದಳು. ಆಮೇಲೆ ಸೋನಾಲಿ ಮೈಕಿನ ಮುಂದೆ ಬಂದು ಪತ್ರ ಎತ್ತಿಕೊಂಡಳು. ವೇದಿಕೆಯ ಎರಡೂ ಕಡೆಯಿಂದ ವಿಡಿಯೋದ ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಆ ಬೆಳಕಿನಲ್ಲಿ ಅವಳಿಗೆ ಅಕ್ಷರಗಳೆಲ್ಲ ಬಾಲ ಬಿಟ್ಟುಕೊಂಡು ಒಂದರ ಮೇಲೊಂದು ಬಿದ್ದಿರುತ್ತವೆ ಎನ್ನುವುದು ಆ ಹಾಲಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು, ಅವಳ ಅಪ್ಪನಿಗೂ ಹೊಳೆದಿರಲಿಲ್ಲ. ಪರೇಲಿನ ಎಂದು ಓದಿದಳು. ಹೆಸ... ಹೆಸರಾ... ಎಂದು ನಿಂತಳು. ಹಾಳೆ ಹತ್ತಿರ ತಂದಳು, ದೂರ ಒಯ್ದಳು. ಅವಿ, ಅವಿರ ಎಂದು ತಡವರಿಸಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನ ಮುದುಕರು ಅಯ್ಯೋ ಪಾಪ ಎನ್ನುವ ನಗೆ ನಕ್ಕರು. ಶರಣಬಸಪ್ಪ ಎರಡನೆಯ ಮೈಕು ಎತ್ತಿಕೊಂಡು, "ಬಾಂಬೇದಾಗ ಹುಟ್ಟಿದ ಹುಡುಗ್ರು ನೋಡ್ರಿ, ವಡಾಪಾವ್ ತಿಂದ ನಾಲಿಗಿಗಿ ಕನ್ನಡ ಹೊಳ್ಳಂಗಿಲ್ಲ" ಎಂದರು. ಹಾಲಿಗೆ ಹಾಲೇ ನಕ್ಕಿತು. ನನಗೆ ಕನ್ನಡ ಬರುತ್ತೆ ಎಂದು ಅವಳು ಅಂದದ್ದು ಮೈಕಿಗೆ ಕೇಳಿಸಲಿಲ್ಲ, ಪಕ್ಕದಲ್ಲಿ ಕೂತ ದೇವಾನಂದನಿಗೆ ಕೇಳಿಸಿತು. ಶನಿವಾರ ಶನಿವಾರ ಸಣ್ಣ ಮಕ್ಕಳ ಜೊತೆ ಕೂತು ಕಲಿತ ಅಕ್ಷರ. ಅವಳ ಕಿವಿ ಕೆಂಪಾಗಿತ್ತು. ಅವಳು ತಿರುಗಿ, ಪತ್ರವನ್ನು ಅವನ ಕೈಗೆ ಕೊಟ್ಟು, ಕಾಕಾ, ನೀವೇ ಓದಿಬಿಡಿ ಎಂದಳು. ಅವನು ಎದ್ದು ನಿಂತ. ಅವಳು ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದಳು.

ಅವನಿಗೆ ಎಲ್ಲ ಅಕ್ಷರವೂ ಸ್ಪಷ್ಟವಾಗಿ ಕಾಣುತ್ತಿತ್ತು. ಬಳ್ಳಿಯ ಅಂಚಿನಲ್ಲಿ ಅಚ್ಚಿನವನ ಫೋನ್ ನಂಬರು ಕೂಡ. ತನ್ನ ಹೊಗಳಿಕೆಯನ್ನು ತಾನೇ ಓದತೊಡಗಿದ. ಅವಿರತ ಸೇವೆ, ಕಾಯಕಯೋಗಿ, ಹೆಮ್ಮೆ. ಎಲ್ಲಿಯೂ ತಡವರಿಸಲಿಲ್ಲ. ಆ ಸಾಲು ಹತ್ತಿರ ಬಂದಂತೆ ಕಣ್ಣು ಅದಕ್ಕಿಂತ ಮುಂದೆ ಓಡಿತು. ಬಿಟ್ಟರಾಯಿತು. ಹಾಳೆ ಅವನ ಕೈಯಲ್ಲಿದೆ, ಪಕ್ಕದವಳಿಗೆ ಕಾಣುವುದಿಲ್ಲ, ಉಳಿದವರು ಕೇಳುತ್ತಿಲ್ಲ. ಅಷ್ಟೊಂದಾದರೂ ಮರ್ಯಾದೆ ತನಗೆ ಉಳಿಯುತ್ತದೆ ಎನ್ನಿಸಿತು. ಬಿಟ್ಟು ಮುಂದಿನ ಸಾಲಿಗೆ ಹೋದ.

"ಕಾಕಾ, ನನ್ನ ಲೈನ್ ಬಿಟ್ರಿ" ಎಂದಳು ಸೋನಾಲಿ.

ಮೈಕು ಅವಳ ಕೈಯಲ್ಲೇ ಇದ್ದದ್ದರಿಂದ ಅದು ಇಡೀ ಹಾಲಿಗೆ ಕೇಳಿಸಿತು. ಸೆಕ್ರೆಟರಿ ಅದು ಯಾವ ಸಾಲೆಂದು ತಿಳಿದು ಜೋರಾಗಿ ನಕ್ಕ. ಸಂಕೋಚದ ಮನುಷ್ಯ, ತನ್ನ ಹೊಗಳಿಕೆ ತಾನೇ ಬಿಟ್ಟುಬಿಟ್ಟ ನೋಡ್ರಿ ಎಂದು ಶರಣಬಸಪ್ಪ ಹೇಳಿದರು. ಓದ್ರಿ, ಓದ್ರಿ ಎಂದು ಹಿಂದಿನ ಸಾಲಿನವರು ಕೂಗಿದರು. ಸುಂದ್ರವ್ವ ಹೆಮ್ಮೆಯಿಂದ ಶರಣಬಸಪ್ಪನವರ ಹೆಂಡತಿಯ ಕಡೆ ತಿರುಗಿ ನೋಡಿದಳು. ದೇವಾನಂದ ಬೆರಳಿಟ್ಟು ಹಿಂದಕ್ಕೆ ಹೋದ. ಇವರ ಕೈ ತಾಗಿದ ಒಂದು ಕಣ್ಣೂ, ಎಂದು ಓದಿದ. ಇವತ್ತಿನವರೆಗೆ ಕೆಟ್ಟಿಲ್ಲ.

ಚಪ್ಪಾಳೆ ಬಿತ್ತು. ಮೈಕನ್ನು ಕಂಕುಳಲ್ಲಿ ಇರುಕಿಕೊಂಡು ಸೋನಾಲಿಯೂ ತಟ್ಟಿದಳು, ಎಲ್ಲರೂ ನಿಲ್ಲಿಸಿದ ಮೇಲೂ ಇನ್ನೊಂದಿಷ್ಟು. ಆ ದೀಪಗಳಿಗೋ ಮತ್ತೆ ಯಾತಕ್ಕೋ ಅವಳ ಬಲಗಣ್ಣಿನಲ್ಲಿ ನೀರು ತುಂಬಿ ಕೆನ್ನೆಗೆ ಇಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದಳು. ಕಣ್ಣಿನ ಹತ್ತಿರ ಬಂದ ಕೈ ಥಟ್ಟನೆ ನಿಂತಿತು. ಅವಳು ಅವನ ಕಡೆ ತಿರುಗಿ, ಆ ಕೈಯನ್ನು ಹಾಗೇ ಕೆಳಗಿಳಿಸಿ, ನೋಡಿ ಕಾಕಾ, ಉಜ್ಜಲಿಲ್ಲ ಎನ್ನುವಂತೆ ನಕ್ಕಳು.